ಸಾಕ್ಷಿಯ ತಾರೀಕು

೨೦೧೯ರ ಜೂನ್ ೧೪, ಶುಕ್ರವಾರ. ಆಧಾರ: ಆ ವರ್ಷದ ನನ್ನ ದಿನಚರಿ, ಮತ್ತು ಅದೇ ದಿನ ನಾನು ಸಾಕ್ಷಿಯಾಗಿ ಸಹಿ ಮಾಡಿದ ಒಂದು ಕಾರ್ಡಿನ ಜೆರಾಕ್ಸ್ ಪ್ರತಿ. ವಾರ ಸರಿಯೇ ಎಂದು ಹಳೆಯ ಗೋಡೆ ಕ್ಯಾಲೆಂಡರಿನಲ್ಲಿ ಮತ್ತೊಮ್ಮೆ ನೋಡಿಕೊಂಡಿದ್ದೇನೆ.

ಆ ಬೆಳಿಗ್ಗೆ ಹತ್ತೂವರೆಗೆ ನನ್ನ ತಂಗಿಯ ಮಗಳು ಜೆಪ್ಪುವಿನ ನನ್ನ ಮನೆಗೆ ಬಂದಳು. ಒದ್ದೆ ಕೊಡೆಯನ್ನು ಜಗಲಿಯಲ್ಲಿ ಬಿಡಿಸಿಟ್ಟು, ಚೀಲದಿಂದ ಅಂಗೈಯಗಲದ ಕಾರ್ಡೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟಳು. ತಾನು ಪ್ರಜ್ಞೆ ತಪ್ಪಿದ್ದರೂ, ಪ್ರಾಣವೇ ಹೋಗುವಂತಿದ್ದರೂ, ತನಗೆ ಇನ್ನೊಬ್ಬರ ರಕ್ತವನ್ನು ಕೊಡಬಾರದೆಂದು ವೈದ್ಯರಿಗೆ ತಿಳಿಸುವ ಕಾರ್ಡು ಅದು. ಕೆಳಗೆ ಅವಳ ಸಹಿಯಿತ್ತು, ಪಕ್ಕದಲ್ಲಿ ಹಿಂದಿನ ದಿನದ ತಾರೀಕು, ಜೂನ್ ೧೩. ಮೊದಲ ಸಾಕ್ಷಿಯಾಗಿ ಅವಳ ಗಂಡ ಅದೇ ದಿನ ಸಹಿ ಹಾಕಿದ್ದ. ಎರಡನೆಯ ಸಾಕ್ಷಿಯ ಗೆರೆ ಖಾಲಿಯಿತ್ತು.

ಅವಳೂ ಅವಳ ಗಂಡನೂ ಸಣ್ಣದೊಂದು ಕ್ರೈಸ್ತ ಪ್ರಾರ್ಥನಾ ಸಮುದಾಯವನ್ನು ಸೇರಿ ಆಗ ಒಂಬತ್ತು ವರ್ಷಗಳಾಗಿದ್ದವು. ರಕ್ತವನ್ನು ವರ್ಜಿಸಬೇಕೆಂಬ ಶಾಸ್ತ್ರವಾಕ್ಯ ಊಟಕ್ಕೆ ಅನ್ವಯಿಸುವ ಹಾಗೆಯೇ ಚಿಕಿತ್ಸೆಗೂ ಅನ್ವಯಿಸುತ್ತದೆಂಬುದು ಆ ಸಮುದಾಯದ ನಂಬಿಕೆ. ಅದರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅಲ್ಲಿಯವರು ನನಗೆ ಯಾವ ಕೇಡನ್ನೂ ಮಾಡಿದವರಲ್ಲ.

ನಮ್ಮದು ಅಳಿಯಕಟ್ಟಿನ ಕುಟುಂಬ. ಸಹೋದರಿಯ ಮಕ್ಕಳ ಒಳಿತು ಕೆಡುಕುಗಳಿಗೆ ಸೋದರಮಾವನೇ ಉತ್ತರ ಹೇಳಬೇಕಾದ ಕಟ್ಟು ಅದು. ಕಾನೂನಿನಲ್ಲಿ ಅದು ಎಂದೋ ಸಡಿಲಗೊಂಡಿದ್ದರೂ ನನ್ನ ವಯಸ್ಸಿನವರ ಮೈಯಲ್ಲಿ ಇನ್ನೂ ಉಳಿದಿದೆ. ಇವಳಿಗೆ ಹದಿನಾರಾಗಿದ್ದಾಗ ನನ್ನ ತಂಗಿ ತೀರಿಕೊಂಡಳು. ಅಂದಿನಿಂದ ಇವಳ ಶಾಲೆಯ ಅರ್ಜಿ, ಕಾಲೇಜಿನ ಅರ್ಜಿ, ಮದುವೆಯ ನೋಂದಣಿ, ಎಲ್ಲದರಲ್ಲಿಯೂ ನನ್ನ ಸಹಿಯಿದೆ. ಮೀನುಗಾರ ಮನೆತನದ ಹುಡುಗನನ್ನು ಮೆಚ್ಚಿ ತಂದಾಗ ಬಂಧುಗಳು ಮುಖ ತಿರುಗಿಸಿದರು, ನಾನು ತಿರುಗಿಸಲಿಲ್ಲ. ಇಬ್ಬರೂ ಧರ್ಮ ಬದಲಿಸಿದಾಗ ನನಗೂ ಒಳಗೆ ಉರಿಯಿತು. ಆದರೂ ಬಾಗಿಲು ಮುಚ್ಚಲಿಲ್ಲ.

"ಒಂದು ಸಹಿ ಬೇಕಿತ್ತು ಮಾವ," ಎಂದಳು. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ನೆನಪಿರುವಷ್ಟನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಿಮ್ಮ ಪ್ರಾರ್ಥನೆಯವರಲ್ಲಿ ಸಹಿ ಹಾಕುವವರು ಯಾರೂ ಇಲ್ಲವಾ?"

"ಇದ್ದಾರೆ. ಆದ್ರೆ ನಾಳೆ ಡಾಕ್ಟ್ರು, ಇವರೆಲ್ಲ ಸೇರಿ ಇವಳ ತಲೆ ಕೆಡಿಸಿದ್ದು ಅಂತ ಹೇಳಬಾರದಲ್ಲ. ನಿಮ್ಮ ಸಹಿ ಇದ್ರೆ ಯಾರೂ ಹಾಗೆ ಹೇಳುವುದಿಲ್ಲ. ನೀವು ಸುಳ್ಳಿಗೆ ಸಹಿ ಹಾಕುವವರಲ್ಲ ಅಂತ ಎಲ್ಲರಿಗೂ ಗೊತ್ತುಂಟು."

"ನಾನು ಇದನ್ನು ಒಪ್ಪುವುದಿಲ್ಲ ಅಂತಲೂ ನಿನಗೆ ಗೊತ್ತುಂಟು."

"ಒಪ್ಪಿ ಅಂತ ಹೇಳಲಿಲ್ಲ. ಈ ಸಹಿ ನಂದೇ ಅಂತ ಹೇಳಿ. ಅಷ್ಟೇ."

ನಾನು ಪೆನ್ನು ತೆಗೆದೆ. ಸಹಿ ಹಾಕಿ ಪಕ್ಕದಲ್ಲಿ ೧೪ ಎಂದು ಬರೆಯತೊಡಗಿದಾಗ ಅವಳು ಮೇಜಿಗೆ ಬಗ್ಗಿದಳು.

"ಮಾವ, ಹದಿಮೂರು ಅಂತಲೇ ಹಾಕಿ. ಎಲ್ಲ ಒಂದೇ ದಿನ ಇರಲಿ."

"ಇವತ್ತು ಹದಿನಾಲ್ಕು."

"ಒಂದು ದಿನ ಅಲ್ವಾ."

"ಒಂದು ದಿನದಲ್ಲಿ ಎಷ್ಟು ಮನೆಯವರ ಗದ್ದೆ ಹೋಗಿದೆ ಗೊತ್ತುಂಟಾ ನಿನಗೆ?"

ಅವಳು ನಕ್ಕಳು. "ಅಜ್ಜಿ ಹೇಳ್ತಿದ್ರು, ನೀವು ಹುಟ್ಟುವಾಗಲೇ ಕೈಯಲ್ಲಿ ಕ್ಯಾಲೆಂಡರ್ ಇತ್ತಂತೆ."

ಮೂವತ್ತೆರಡು ವರ್ಷ ನಾನು ಮಾಡಿದ್ದು ಈ ಕರಾವಳಿಯ ಹಳೆಯ ಗೇಣಿಪತ್ರಗಳನ್ನೂ ಪಾಲುಪಟ್ಟಿಗಳನ್ನೂ ಓದುವ ಕೆಲಸ. ಬರೆದ ದಿನಕ್ಕೂ ಸಾಕ್ಷಿ ಹಾಕಿದ ದಿನಕ್ಕೂ ಹೊಂದಿಕೆಯಿಲ್ಲದ ಪತ್ರಗಳನ್ನು ಬದಿಗಿಡುವುದನ್ನು ಎಷ್ಟೋ ವಿದ್ಯಾರ್ಥಿಗಳಿಗೆ ಕಲಿಸಿದ್ದೇನೆ. ಬರೆದುಕೊಟ್ಟವನು ಸಹಿ ಮಾಡುವುದನ್ನು ಸಾಕ್ಷಿ ಕಣ್ಣಿನಿಂದ ನೋಡಿರಬೇಕು. ನಾನು ನೋಡಿರಲಿಲ್ಲ. ನನ್ನೆದುರಿಗೆ ಇನ್ನೊಮ್ಮೆ ಸಹಿ ಮಾಡು ಎಂದು ಅವಳಿಗೆ ಹೇಳಬಹುದಿತ್ತು. ಕಾರ್ಡಿನಲ್ಲಿ ಜಾಗವಿಲ್ಲವೆಂದು ಅಂದು ನನಗೆ ನಾನೇ ಹೇಳಿಕೊಂಡೆ. ಈಗ ಜೆರಾಕ್ಸ್ ಪ್ರತಿಯನ್ನು ಅಳತೆಪಟ್ಟಿಯಿಟ್ಟು ನೋಡಿದ್ದೇನೆ. ಜಾಗವಿದೆ.

ಕಾರ್ಡು ಯಾಕೆ ಬೇಕಾಯಿತೆಂಬುದನ್ನು ಹೇಳಬೇಕು. ಆ ವರ್ಷದ ಏಪ್ರಿಲಿನಲ್ಲಿ ಅವಳು ತಾನು ಪಾಠ ಮಾಡುವ ಶಾಲೆಯ ಮೆಟ್ಟಿಲಲ್ಲಿ ಕುಸಿದು ಬಿದ್ದಳು. ಗರ್ಭಕೋಶದಲ್ಲಿ ಗಡ್ಡೆಗಳು ಬೆಳೆದು ತಿಂಗಳುಗಟ್ಟಲೆ ರಕ್ತ ಹೋಗಿತ್ತು, ಅದನ್ನವಳು ಯಾರಿಗೂ ಹೇಳಿರಲಿಲ್ಲ. ಹಿಮೋಗ್ಲೋಬಿನ್ ೬.೮ಕ್ಕೆ ಇಳಿದಿತ್ತು. ಮೊದಲು ಹೋದ ಎರಡು ಕಡೆ, ರಕ್ತ ಬೇಡವೆನ್ನುವವರಿಗೆ ಆಪರೇಷನ್ ಮಾಡುವುದಿಲ್ಲವೆಂದು ಫೈಲು ಮಡಚಿ ಕೊಟ್ಟರು. ಮೂರನೆಯ ಆಸ್ಪತ್ರೆಯಲ್ಲಿ ಒಬ್ಬ ವೈದ್ಯೆ ಮಾತ್ರ ಕುರ್ಚಿ ಎಳೆದು ಕೂತು, "ಯಾವುದು ಬೇಡ, ಯಾವುದು ಆಗ್ತದೆ, ಒಂದೊಂದಾಗಿ ಹೇಳಿ," ಎಂದು ಹಾಳೆ ತೆಗೆದುಕೊಂಡರು.

ಅವರ ರೀತಿಯನ್ನು ನಾನು ಗೌರವದಿಂದಲೇ ನೆನೆಯುತ್ತೇನೆ. ಪರೀಕ್ಷೆಗೆ ತೆಗೆಯುವ ರಕ್ತವೂ ವ್ಯರ್ಥವಾಗಬಾರದೆಂದು ಎಳೆಮಕ್ಕಳಿಗೆ ಬಳಸುವ ಸಣ್ಣ ಟ್ಯೂಬುಗಳನ್ನೇ ಬಳಸಬೇಕೆಂದು ನರ್ಸುಗಳಿಗೆ ಬರೆದಿಟ್ಟರು. ವಾರಕ್ಕೊಮ್ಮೆ ಕಬ್ಬಿಣದ ಡ್ರಿಪ್, ರಕ್ತ ಹುಟ್ಟಿಸಲು ಮೂಳೆಯ ಮಜ್ಜೆಯನ್ನು ಎಬ್ಬಿಸುವ ಇಂಜೆಕ್ಷನ್. ಆಪರೇಷನ್ನಿನ ಹೊತ್ತಿಗೆ ಹೊಟ್ಟೆಯೊಳಗೆ ಚೆಲ್ಲಿದ ಅವಳದೇ ರಕ್ತವನ್ನು ಹೀರಿ, ತೊಳೆದು, ಅವಳಿಗೇ ಮರಳಿಸುವ ಯಂತ್ರವೊಂದಿತ್ತು. ನಳಿಗೆ ತನ್ನ ದೇಹದಿಂದ ಒಮ್ಮೆಯೂ ಬೇರ್ಪಡದಿದ್ದರೆ ಅದು ಆಗಬಹುದೆಂದು ಅವಳು ಒಪ್ಪಿದಳು. "ಇಷ್ಟೆಲ್ಲ ಮಾಡಿದ ಮೇಲೂ ಒಂದು ಮಟ್ಟದ ಕೆಳಗೆ ಹೋದ್ರೆ ನನ್ನ ಕೈಯಲ್ಲಿ ಎಂತದೂ ಇರುವುದಿಲ್ಲ," ಎಂದರು ವೈದ್ಯೆ. "ಗೊತ್ತುಂಟು ಡಾಕ್ಟ್ರೇ," ಎಂದಳು ಇವಳು. ನಾನು ಗೋಡೆಯ ಕಡೆ ನೋಡುತ್ತಿದ್ದೆ.

ಡ್ರಿಪ್ಪಿನ ದಿನಗಳಲ್ಲಿ ಶಕ್ತಿನಗರದ ಅವಳ ಮನೆಯಿಂದ ನಾನೇ ಕಾರಿನಲ್ಲಿ ಕರೆದೊಯ್ಯುತ್ತಿದ್ದೆ. ಅವಳ ಅತ್ತೆಯೂ ಬರುತ್ತಿದ್ದರು. ಐವತ್ತು ವರ್ಷ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತ ಹೆಂಗಸು. ಮಗನ ಹೊಸ ದೇವರನ್ನು ಒಪ್ಪಿದವರಲ್ಲ, ಸೊಸೆಯನ್ನು ಬಿಟ್ಟುಕೊಟ್ಟವರೂ ಅಲ್ಲ. ಬಾಟಲಿಯಿಂದ ಇಳಿಯುವ ಕಂದು ದ್ರವವನ್ನು ಮೊದಲ ದಿನ ದಿಟ್ಟಿಸಿ ನೋಡಿ, "ಇದೆಂತ ಮಾರಾಯ, ಬೋಟಿನ ತುಕ್ಕು ತೊಳೆದ ನೀರಿನ ಹಾಗೆ ಉಂಟು," ಎಂದರು.

"ಕಬ್ಬಿಣ ಮಾಮಿ," ಎಂದಳು ಸೊಸೆ.

"ಕಬ್ಬಿಣ ಬೇಕಾದ್ರೆ ನಾನು ಮರುವಾಯಿ ಸುಕ್ಕ ಮಾಡಿ ತರ್ತಿರಲಿಲ್ಲವಾ? ಚಿಪ್ಪಿ ಸಮೇತ ತಿನ್ನು." ಚಿಪ್ಪುಮೀನಿನ ಆ ಒಣಪಲ್ಯವನ್ನು ನಿಜಕ್ಕೂ ತಂದರು, ಮೇ ತಿಂಗಳು ಪೂರ್ತಿ. ಮತ್ತೆ ನನ್ನ ಕಡೆ ತಿರುಗಿ, "ಅಣ್ಣಾ, ನನ್ನ ಮಗ ದೇವರನ್ನು ಬದಲಿಸಿದ. ಮೀನು ಮಾತ್ರ ಬದಲಿಸಲಿಲ್ಲ. ಈಗ ಅದನ್ನೂ ಏಳು ಸಲ ತೊಳಿಬೇಕು, ಒಂದು ಹನಿ ರಕ್ತ ಇರಬಾರದಂತೆ. ರುಚಿ ಎಲ್ಲ ಚರಂಡಿಗೆ," ಎಂದರು. ಡ್ರಿಪ್ಪಿನ ಕೈಯನ್ನು ಅಲುಗಿಸಬಾರದೆಂದು ಮರೆತು ಅವಳು ನಕ್ಕಳು.

ಆಪರೇಷನ್ನಿಗೆ ನಿಗದಿಯಾದದ್ದು ಜುಲೈ ೨೫, ಗುರುವಾರ. ಅಷ್ಟರಲ್ಲಿ ಹಿಮೋಗ್ಲೋಬಿನ್ ಹನ್ನೆರಡಕ್ಕೆ ಏರಲಿ ಎಂಬುದು ವೈದ್ಯೆಯ ಲೆಕ್ಕ. ಆದರೆ ಆ ವರ್ಷ ಜುಲೈ ಮಧ್ಯಕ್ಕೆ ಆಟಿ ತಿಂಗಳು ಹಿಡಿಯುತ್ತಿತ್ತು. ಆಟಿಯಲ್ಲಿ ನಮ್ಮ ಕಡೆ ಶುಭಕಾರ್ಯ ತೆಗೆಯುವುದಿಲ್ಲ. ಆಟಿ ಹಿಡಿಯುವ ಮೊದಲೇ ಮುಗಿಯಲಿ ಎಂದು ಅತ್ತೆ ಹಟ ಹಿಡಿದರು. ಅವರ ಗಂಡ ಆಟಿಯಲ್ಲಿ ಆಸ್ಪತ್ರೆಗೆ ಹೋದವರು ಮರಳಿ ಬಂದಿರಲಿಲ್ಲ.

"ನಾವು ಆಟಿ ಗೀಟಿ ನಂಬುವುದಿಲ್ಲ ಮಾಮಿ," ಎಂದಳು ಇವಳು.

"ನೀನು ನಂಬಬೇಡ. ನಾನು ನಂಬ್ತೇನೆ. ಕತ್ತಿ ನಿನ್ನ ಹೊಟ್ಟೆಗೆ, ಹೆದರಿಕೆ ನನ್ನ ಹೊಟ್ಟೆಗೆ."

ಒಂಬತ್ತು ವರ್ಷಗಳಲ್ಲಿ ಅತ್ತೆ ತನಗಾಗಿ ಬಿಟ್ಟುಕೊಟ್ಟದ್ದನ್ನೆಲ್ಲ ಎಣಿಸಿಕೊಂಡಳೋ ಏನೋ, ಕಡೆಗೆ ಅವಳೇ, "ಮಾಮಿ ಕೇಳಿದ್ದು ಇದೊಂದೇ. ಆಗಲಿ," ಎಂದಳು. ನನ್ನನ್ನು ಕೇಳಿದರು. ಆಟಿಯ ನಿಷೇಧದ ಬಗ್ಗೆ ಲೇಖನವನ್ನೇ ಬರೆದಿರುವ ನಾನು, ಎರಡು ವಾರದಲ್ಲಿ ಏನಾಗುತ್ತದೆ ಎಂದೆ. ಒಂದು ದಿನದ ವ್ಯತ್ಯಾಸಕ್ಕೆ ಬಗ್ಗದವನು ಎರಡು ವಾರವನ್ನು ಹಾಗೆ ಬಿಟ್ಟುಕೊಟ್ಟೆ. ನಡುವೆ ರಕ್ತಸ್ರಾವವೂ ಮತ್ತೆ ಕಾಣಿಸಿಕೊಂಡದ್ದರಿಂದ ವೈದ್ಯೆ ಮನಸ್ಸಿಲ್ಲದ ಮನಸ್ಸಿನಿಂದ ಜುಲೈ ೧೧ಕ್ಕೆ ಒಪ್ಪಿದರು. ಆ ವಾರದ ಹಿಮೋಗ್ಲೋಬಿನ್ ೧೦.೬.

ಜುಲೈ ೧೧ರ ಬೆಳಿಗ್ಗೆ ಆಪರೇಷನ್ ಸುಸೂತ್ರವಾಯಿತು. ಯಂತ್ರ ಕೆಲಸ ಮಾಡಿತು. ಮಧ್ಯಾಹ್ನ ಅವಳನ್ನು ತೀವ್ರ ನಿಗಾ ಘಟಕಕ್ಕೆ ತಂದರು. ಸಂಜೆಯ ಹೊತ್ತಿಗೆ ಒಳಗೆಲ್ಲೋ ರಕ್ತ ಒಸರತೊಡಗಿತು. ಮತ್ತೊಮ್ಮೆ ಒಳಗೊಯ್ದು ಹೊಲಿಗೆ ಹಾಕಿ ತಂದರು. ಶುಕ್ರವಾರ ಬೆಳಿಗ್ಗೆ ಹಿಮೋಗ್ಲೋಬಿನ್ ೩.೯ ಎಂದು ಗಂಡ ಬಂದು ಹೇಳಿದ. ಹೇಳುವಾಗ ಅವನು ನಾಲ್ಕು ಬೆರಳು ತೋರಿಸಿ, ಆಮೇಲೆ ಅದೂ ಹೆಚ್ಚಾಯಿತೆಂಬಂತೆ ಒಂದನ್ನು ಅರ್ಧ ಮಡಚಿದ.

ಆ ಶುಕ್ರವಾರದ ಹಗಲನ್ನು ಗಂಟೆಗಳಲ್ಲಿ ಅಳೆಯಲು ನನಗಾಗುವುದಿಲ್ಲ, ದಿನಚರಿಯಲ್ಲಿ ಗಂಟೆಗಳು ಬರೆದಿದ್ದರೂ. ನಿಗಾ ಘಟಕದ ಹೊರಗೆ ಉಕ್ಕಿನ ಬೆಂಚು. ಬಾಗಿಲಿನಲ್ಲಿ ಚೌಕದ ಗಾಜು. ಗಾಜಿನಾಚೆ ಮೂರನೆಯ ಮಂಚ. ಆಮ್ಲಜನಕದ ಮಾಸ್ಕಿನ ಕೆಳಗೆ ಅವಳ ಮುಖ ಕಾಗದದ ಬಣ್ಣಕ್ಕೆ ತಿರುಗಿತ್ತು. ತುಟಿ ಎಲ್ಲಿ ಮುಗಿದು ಚರ್ಮ ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ದೇಹಕ್ಕೆ ಆಮ್ಲಜನಕದ ಅಗತ್ಯ ಕಡಿಮೆಯಾಗಲಿ ಎಂದು ಮಂಪರಿನ ಔಷಧ ಕೊಟ್ಟಿದ್ದರು. ಎದೆ ಏಳುತ್ತದೆಯೇ ಎಂದು ನೋಡುತ್ತ ನಿಂತೆ. ಎದ್ದಿತು. ಮತ್ತೆ ಎದ್ದೀತೇ ಎಂದು ನೋಡುತ್ತ ನಿಂತೆ. ತಂಗಿಯ ಮಂಚದ ಬಳಿಯೂ ಹೀಗೆಯೇ ನಿಂತಿದ್ದೆ. ಅಲ್ಲಿ ಕೊಡಲು ಯಾವ ಔಷಧವೂ ಉಳಿದಿರಲಿಲ್ಲ. ಇಲ್ಲಿ ಎರಡು ಮಹಡಿ ಕೆಳಗೆ ಅವಳ ಗುಂಪಿನ ರಕ್ತ ತಣ್ಣನೆಯ ಪೆಟ್ಟಿಗೆಯಲ್ಲಿ ಸಾಲಾಗಿ ಕೂತಿತ್ತು.

ಅತ್ತೆ ಬಂದುಹೋಗುವ ನರ್ಸುಗಳಿಗೆಲ್ಲ ತೋಳು ಚಾಚುತ್ತಿದ್ದರು. "ನನ್ನದು ತೆಗೀರಿ. ಬುಟ್ಟಿ ಹೊತ್ತ ರಕ್ತ, ಗಟ್ಟಿ ಉಂಟು." ಯಾರೋ ಅವರನ್ನು ಕೂರಿಸಿದರು. ಕೂತಲ್ಲಿಂದಲೇ ಮಗನಿಗೆ, "ನಿನ್ನ ದೇವರಿಗೆ ಹೇಳು, ಅವಳನ್ನು ನನಗೆ ವಾಪಸ್ ಕೊಡಲಿಕ್ಕೆ. ಆಮೇಲೆ ಅವಳು ಎಷ್ಟು ಬೇಕಾದ್ರೂ ಹಾಡ್ತಾಳೆ," ಎಂದರು. ಅವನು ಬೆಂಚಿನ ತುದಿಯಲ್ಲಿ ಮೊಣಕಾಲಿಗೆ ಹಣೆಯಿಟ್ಟು ಕೂತಿದ್ದ. ಪ್ರಾರ್ಥಿಸುತ್ತಿದ್ದನೋ ಅಳುತ್ತಿದ್ದನೋ ತಿಳಿಯಲಿಲ್ಲ.

ನಾಲ್ಕು ಗಂಟೆಗೆ ವೈದ್ಯೆ ಹೊರಬಂದಾಗ ನಾನು ಎದ್ದು ಹೋದೆ. ನನ್ನ ಚೀಲದಲ್ಲಿ ಕಾರ್ಡಿನ ಪ್ರತಿಯಿತ್ತು. ಅದನ್ನು ಬೆಳಿಗ್ಗೆಯೇ ಮನೆಯಿಂದ ತಂದಿದ್ದೆ. ಎಂದರೆ, ನಾನು ಮಾಡಿದ್ದು ಆ ಕ್ಷಣದ ಆವೇಶದಲ್ಲಲ್ಲ.

"ಡಾಕ್ಟ್ರೇ, ಈ ಕಾರ್ಡು ಸಿಂಧುವಲ್ಲ," ಎಂದೆ. "ಎರಡನೆಯ ಸಾಕ್ಷಿ ನಾನು. ಅವಳು ಸಹಿ ಮಾಡಿದ್ದು ಹದಿಮೂರಕ್ಕೆ, ನಾನು ಹದಿನಾಲ್ಕಕ್ಕೆ. ಅವಳು ಸಹಿ ಮಾಡುವುದನ್ನು ನಾನು ನೋಡಿಲ್ಲ. ತಾರೀಕು ನೋಡಿ."

"ಸರ್, ಅವರು ನನಗೆ ಬಾಯಿಯಲ್ಲಿ ಹೇಳಿದ್ದಾರೆ. ಒಂದು ಸಲ ಅಲ್ಲ."

"ಬಾಯಿಮಾತು ಅಂದಿನದು. ನಿಮ್ಮ ಆಸ್ಪತ್ರೆಯ ಫಾರ್ಮಿನಲ್ಲಿ ಬರೆದದ್ದು ಹನ್ನೊಂದರ ಆಪರೇಷನ್ನಿಗೆ. ಇವತ್ತು ಹನ್ನೆರಡು. ಈ ಸ್ಥಿತಿಯಲ್ಲಿ ಅವಳು ಎಂತ ಹೇಳ್ತಿದ್ದಳು ಅಂತ ಯಾರಿಗೂ ಗೊತ್ತಿಲ್ಲ."

ಅವರು ಕಾರ್ಡನ್ನಲ್ಲ, ನನ್ನನ್ನು ನೋಡಿದರು. ಎರಡು ದಿನದಿಂದ ಮನೆಗೆ ಹೋಗದ ಮುಖ. "ನೀವು ಲಾಯರಾ ಸರ್?"

"ಅಲ್ಲ. ಅವಳ ಮಾವ."

"ಗಂಡ ಬರೆದುಕೊಟ್ರೆ ಒಂದು ಬ್ಯಾಗ್ ತರಿಸಿ ಹತ್ತಿರ ಇಡ್ತೇನೆ. ಮುಂದಿನದ್ದು ನನಗೆ ಬಿಡಿ," ಎಂದರು.

ನಾನು ಕೇಳಿಸಿಕೊಂಡದ್ದು ಮೊದಲ ವಾಕ್ಯವನ್ನು ಮಾತ್ರ. ಎರಡನೆಯದು ದಿನಚರಿಯಲ್ಲಿ ನನ್ನ ಕೈಯಿಂದಲೇ ದಾಖಲಾಗಿದೆ, ಅದರ ಅರ್ಥವನ್ನು ಮಾತ್ರ ಅಂದು ನಾನು ಯೋಚಿಸಲಿಲ್ಲ.

ಗಂಡನ ಪಕ್ಕ ಹೋಗಿ ಕೂತೆ. ಕಾರ್ಡನ್ನು ಅವನ ತೊಡೆಯ ಮೇಲಿಟ್ಟು, ಪಾಠ ಹೇಳುವವನ ಹಾಗೆ ಎರಡು ತಾರೀಕುಗಳನ್ನು ಬೆರಳಿನಿಂದ ತೋರಿಸಿದೆ. ಇದು ನಿಲ್ಲುವ ದಾಖಲೆಯಲ್ಲ, ನೀನು ಅವಳ ಮಾತನ್ನು ಮುರಿದಂತೆ ಆಗುವುದಿಲ್ಲ, ಯಾಕೆಂದರೆ ಕಾನೂನಿನ ಕಣ್ಣಿಗೆ ಅವಳು ಮಾತು ಕೊಟ್ಟೇ ಇಲ್ಲ, ಎಂದೆ. ಇಡೀ ಬದುಕಿನಲ್ಲಿ ನಾನು ಕಲಿತದ್ದನ್ನೆಲ್ಲ ಆ ಐದು ನಿಮಿಷಕ್ಕೆ ಸುರಿದೆ. ಅವನು ಮೀನುಗಾರರ ಮನೆಯ ಹುಡುಗ, ದೊಡ್ಡ ಓದಿನವನಲ್ಲ. ನನ್ನ ವಿದ್ಯೆಯ ಬಗ್ಗೆ ಅವನಿಗೆ ಭಯಭಕ್ತಿ. ಅದು ನನಗೆ ಗೊತ್ತಿತ್ತು.

"ಮಾವ, ಅವಳು ಎದ್ದು ಕೇಳಿದ್ರೆ ನಾನು ಎಂತ ಹೇಳುವುದು?"

"ಕೇಳಲಿ. ಕೇಳಲಿಕ್ಕಾದ್ರೂ ಏಳಲಿ."

ತಾಯಿಯ ಕೈ ಅವನ ಬೆನ್ನ ಮೇಲಿತ್ತು. ಅವನು ಬರೆದ. ಸಹಿ ಹಾಕಿದ. ತಾರೀಕನ್ನೂ ವೇಳೆಯನ್ನೂ ನಾನೇ ಹೇಳಿ ಬರೆಯಿಸಿದೆ: ಜುಲೈ ೧೨, ಸಂಜೆ ೪.೨೦.

ಹತ್ತು ಹದಿನೈದು ನಿಮಿಷಗಳಲ್ಲಿ ನರ್ಸ್ ಒಬ್ಬರು ನೀಲಿ ಪೆಟ್ಟಿಗೆಯೊಂದನ್ನು ಹಿಡಿದು ಒಳಗೆ ಹೋದರು. ನಾನು ಗಾಜಿಗೆ ಮುಖವಿಟ್ಟು ನಿಂತೆ. ಪೆಟ್ಟಿಗೆಯಿಂದ ಕೆಂಪು ಬ್ಯಾಗು ಹೊರಬಂತು. ವೈದ್ಯೆ ಮಂಚದ ತಲೆಯ ಬಳಿ ಬಗ್ಗಿದರು. ಪರದೆ ಅರ್ಧ ಎಳೆಯಲ್ಪಟ್ಟಿತು. ಕಂಬದಲ್ಲಿ ಬ್ಯಾಗು, ಅದರಿಂದ ಇಳಿದು ಅವಳ ಎಡಗೈಯವರೆಗೆ ಕೆಂಪಾದ ನಳಿಗೆ. ಇದು ನನ್ನ ಕಣ್ಣಿನಲ್ಲಿ ಇಂದಿಗೂ ಇದೆ. ಅವಳ ಕಣ್ಣು ಮುಚ್ಚಿತ್ತು, ಅವಳಿಗೆ ಏನೂ ತಿಳಿಯುತ್ತಿರಲಿಲ್ಲ. ನಾನು ಬೆಂಚಿಗೆ ಮರಳಿ, ಐದು ಗಂಟೆಗೆ, ದಿನಚರಿಯಲ್ಲಿ ಒಂದು ಸಾಲು ಬರೆದೆ.

ವೈದ್ಯೆ ಹೊರಬಂದು, "ಈಗ ಒಸರುವುದು ನಿಂತ ಹಾಗೆ ಕಾಣ್ತದೆ. ಕಾಯುವ," ಎಂದಷ್ಟೇ ಹೇಳಿ ಹೋದರು. ನಾವು ಮೂವರಲ್ಲಿ ಯಾರೂ ಮುಂದೆ ಕೇಳಲಿಲ್ಲ. ಕೇಳಿದರೆ ನಾವು ಮಾಡಿದ್ದನ್ನು ಬಾಯಿಬಿಟ್ಟು ಹೇಳಬೇಕಾಗುತ್ತಿತ್ತು.

ಶನಿವಾರ ೩.೮. ಭಾನುವಾರವೂ ೩.೮. ಬುಧವಾರ ೪.೪. ಅಲ್ಲಿಂದ ಕಬ್ಬಿಣವೂ ಇಂಜೆಕ್ಷನ್ನೂ ಮೆಲ್ಲಗೆ ಎತ್ತಿದವು. ಈ ಅಂಕಿಗಳನ್ನೆಲ್ಲ ನಾನೇ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ಒಂದು ಬ್ಯಾಗು ರಕ್ತಕ್ಕೆ ಹಿಮೋಗ್ಲೋಬಿನ್ ಸುಮಾರು ಒಂದರಷ್ಟು ಏರಬೇಕೆಂದು ಏಪ್ರಿಲಿನಲ್ಲಿಯೇ ವೈದ್ಯೆ ಹೇಳಿದ್ದರು, ಅದನ್ನೂ ಬರೆದಿದ್ದೇನೆ. ಎರಡು ಪುಟಗಳನ್ನು ಅಕ್ಕಪಕ್ಕ ಇಟ್ಟು ನೋಡಲಿಲ್ಲ. ವಿದ್ಯಾರ್ಥಿಯೊಬ್ಬ ಹೀಗೆ ಮಾಡಿದ್ದರೆ ಪ್ರಬಂಧವನ್ನು ಹಿಂದಿರುಗಿಸುತ್ತಿದ್ದೆ.

ಜುಲೈ ೨೯ರಂದು, ಆಟಿಯ ನಟ್ಟನಡುವೆ, ಅವಳು ಮನೆಗೆ ಬಂದಳು. ಆಸ್ಪತ್ರೆಯ ಬಿಡುಗಡೆ ಪತ್ರದಲ್ಲಿ ರಕ್ತದ ಬಗ್ಗೆ ಒಂದು ಮಾತೂ ಇರಲಿಲ್ಲ. ಅದನ್ನು ನಾನು ವೈದ್ಯೆಯ ದಾಕ್ಷಿಣ್ಯವೆಂದು ಓದಿಕೊಂಡೆ. ಆ ವರ್ಷದ ಕೊನೆಗೆ ಅವರು ಬೇರೆ ಊರಿಗೆ ಹೋದರು.

ಗಂಡನಿಗೆ ತಡೆದುಕೊಳ್ಳಲು ಆದದ್ದು ಒಂದೂವರೆ ತಿಂಗಳು ಮಾತ್ರ. ಸೆಪ್ಟೆಂಬರ್ ೮, ಭಾನುವಾರ, ಪ್ರಾರ್ಥನೆಗೆ ಹೊರಟವರು ಅರ್ಧ ದಾರಿಯಿಂದ ತಿರುಗಿ ನನ್ನ ಮನೆಗೆ ಬಂದರು. ಅವನು ಜಗಲಿಯಲ್ಲಿಯೇ ಉಳಿದ. ಅವಳು ಅದೇ ಕುರ್ಚಿಯಲ್ಲಿ ಕೂತಳು. ಚಹಾ ಇಟ್ಟೆ.

"ಇವರು ಸಹಿ ಹಾಕಿದ್ದು ಹೇಳಿದ್ರು," ಎಂದಳು.

"ನಾನು ಹಾಕಿಸಿದ್ದು."

"ಅದನ್ನೂ ಹೇಳಿದ್ರು. ಹದಿಮೂರು, ಹದಿನಾಲ್ಕು." ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಮಾವ, ಕೊಟ್ಟದ್ದನ್ನು ಇವರು ನೋಡಿಲ್ಲವಂತೆ. ತಲೆ ಬಗ್ಗಿಸಿ ಕೂತಿದ್ರಂತೆ. ನೀವು ನೋಡಿದ್ರಾ?"

"ನೋಡಿದೆ."

"ಬ್ಯಾಗ್ ತಂದದ್ದು ನೋಡಿದ್ದಾ, ಕೊಟ್ಟದ್ದು ನೋಡಿದ್ದಾ?"

ಎಂಥ ಸರಿಯಾದ ಪ್ರಶ್ನೆ ಅದು. ನಾನೇ ಅವಳಿಗೆ ಚಿಕ್ಕಂದಿನಲ್ಲಿ ಕಲಿಸಿದ ಪ್ರಶ್ನೆ.

"ಕೊಟ್ಟದ್ದು. ನಳಿಗೆಯಲ್ಲಿ ನೋಡಿದೆ."

"ನೀವು ನೋಡಿದ್ದೀರಿ ಅಂದ್ರೆ ಆಯ್ತು," ಎಂದಳು. ಮತ್ತೆ ಯಾರನ್ನೂ ಕೇಳಲು ಹೋಗಲಿಲ್ಲ. ನಾನು ಪರಿಶೀಲಿಸದೆ ಒಂದು ಮಾತು ಆಡುವವನಲ್ಲ ಎಂದು ನಂಬಿದವಳು. ಚಹಾ ಹಾಗೆಯೇ ಇತ್ತು. ಎದ್ದು ಹೋಗುವಾಗ ಬಾಗಿಲ ಬಳಿ ನಿಂತು, "ನನ್ನ ಜೀವ ಉಳಿಸಿದ್ದು ನೀವು ಅಂತ ಎಲ್ಲರೂ ಹೇಳ್ತಾರೆ. ಇರಬಹುದು. ಆದ್ರೆ ನನ್ನದು ಅಂತ ನನ್ನ ಕೈಯಲ್ಲಿ ಇದ್ದದ್ದು ಅದೊಂದೇ ಮಾತು ಮಾವ," ಎಂದಳು.

ಅವಳ ಸಮುದಾಯದವರು ಅವಳನ್ನು ದೂರಲಿಲ್ಲ. ಅರಿವಿಲ್ಲದಾಗ ನಡೆದದ್ದು ನಿನ್ನ ತಪ್ಪಲ್ಲ ಎಂದು ಹಿರಿಯರು ಮನೆಗೇ ಬಂದು ಹೇಳಿದರಂತೆ. ಅವಳಿಗೆ ಅಲ್ಲಿ ಕೂತು ಹಾಡಲು ಆಗಲಿಲ್ಲ. ಮೊದಲು ಒಂದು ಭಾನುವಾರ ತಪ್ಪಿತು, ಆಮೇಲೆ ಎಲ್ಲ ಭಾನುವಾರಗಳೂ. ಗಂಡ ಒಬ್ಬನೇ ಹೋಗುತ್ತಿದ್ದ, ಹಿಂದಿನ ಸಾಲಿನಲ್ಲಿ ಕೂತು ಬರುತ್ತಿದ್ದ. ವಾಮಂಜೂರಿಗೆ ಮನೆ ಬದಲಿಸಿದರು. ನನ್ನ ಹುಟ್ಟುಹಬ್ಬಕ್ಕೆ ಫೋನು ಬರುತ್ತದೆ, ಒಂದು ನಿಮಿಷದ್ದು. ಅತ್ತೆ ಮಾತ್ರ ಆಗೀಗ ಜೆಪ್ಪುವಿಗೆ ಬಂದು ಕೂರುತ್ತಾರೆ. "ಅವಳು ಉಂಟು ಅ‌ಣ್ಣಾ. ಊಟ ಮಾಡ್ತಾಳೆ, ಶಾಲೆಗೆ ಹೋಗ್ತಾಳೆ. ಆದ್ರೆ ಮನೆಯಲ್ಲಿ ಹಾಡು ಕೇಳುವುದಿಲ್ಲ. ಮೊದಲು ಅವಳ ಹಾಡಿಗೆ ನಾನು ಬೈತಿದ್ದೆ," ಎಂದರು ಒಮ್ಮೆ.

೨೦೨೪ರ ಮಾರ್ಚ್ ೧೮, ಸೋಮವಾರ, ಬೆಳಿಗ್ಗೆ ಅವಳ ಫೋನು ಬಂತು. ಹುಟ್ಟುಹಬ್ಬವಲ್ಲದ ದಿನ ಅವಳ ಹೆಸರು ಕಂಡು ಎರಡನೆಯ ರಿಂಗಿಗೇ ಎತ್ತಿದೆ.

"ಮಾವ, ಪಿತ್ತಕೋಶದಲ್ಲಿ ಕಲ್ಲು ಉಂಟಂತೆ. ಸಣ್ಣ ಆಪರೇಷನ್. ಫಾರ್ಮಿನಲ್ಲಿ ಒಂದು ಪ್ರಶ್ನೆ ಉಂಟು, ಹಿಂದೆ ರಕ್ತ ಕೊಟ್ಟಿದ್ದಾರಾ, ಕೊಟ್ಟಿದ್ರೆ ಯಾವಾಗ ಅಂತ. ಹೌದು ಅಂತ ಬರೀಲಿಕ್ಕೆ ನನ್ನ ಕೈ ಹೋಗುದಿಲ್ಲ. ಬರೀದೆ ಇದ್ರೆ ಸುಳ್ಳಾಗ್ತದೆ. ತಾರೀಕು ಮತ್ತೆ ಎಷ್ಟು ಬ್ಯಾಗ್ ಅಂತ ನೀವೇ ಸರಿಯಾಗಿ ನೋಡಿ ಹೇಳಿ."

ತಾರೀಕು ನನ್ನ ದಿನಚರಿಯಲ್ಲಿತ್ತು, ಅಲ್ಲಿಯೇ ಹೇಳಿಬಿಡಬಹುದಿತ್ತು. ಒಂದೇ ಆಧಾರದಿಂದ ತಾರೀಕು ಹೇಳಿ ನನಗೆ ಅಭ್ಯಾಸವಿಲ್ಲ. ಅವಳ ಸಹಿಯ ಅರ್ಜಿಯನ್ನು ಹಿಡಿದು ಹಳೆಯ ಆಸ್ಪತ್ರೆಗೆ ಹೋದೆ. ಈ ಸಲ ಅವಳು ನನ್ನೆದುರಿಗೆ, ವಾಮಂಜೂರಿನ ಮನೆಯ ಜಗಲಿಯಲ್ಲಿ, ಸಹಿ ಮಾಡಿದ್ದಳು. ಎರಡು ಸಲ ಅಲೆದ ಮೇಲೆ, ಏಪ್ರಿಲ್ ೩, ಬುಧವಾರ, ದಾಖಲೆ ಕೋಣೆಯ ಗುಮಾಸ್ತರು ಅವಳ ಫೈಲಿನ ಎರಡು ಪುಟಗಳನ್ನೂ ರಕ್ತನಿಧಿಯ ರಿಜಿಸ್ಟರಿನ ಒಂದು ಪುಟವನ್ನೂ ಜೆರಾಕ್ಸ್ ಮಾಡಿ ಕೊಟ್ಟರು. ಅಲ್ಲಿಯೇ ಕಿಟಕಿಯ ಬಳಿ ನಿಂತು ಓದಿದೆ. ಮತ್ತೆ ಓದಿದೆ. ಗುಮಾಸ್ತರು ಕುರ್ಚಿ ತಂದಿಟ್ಟರು.

ಹೊರಗೆ ಬಂದು ಕಾರಿನಲ್ಲಿ ಕೂತು ಅವಳಿಗೆ ಫೋನು ಮಾಡಿದೆ.

"ಇಲ್ಲ ಅಂತ ಬರಿ," ಎಂದೆ.

"ಎಂತ?"

"ನಿನಗೆ ರಕ್ತ ಕೊಟ್ಟಿಲ್ಲ. ಬ್ಯಾಗ್ ವಾಪಸ್ ಹೋಗಿದೆ."

ಅವಳ ಹಿಂದೆ ಶಾಲೆಯ ಗಂಟೆ ಹೊಡೆಯಿತು.

"ನೀವು ನಳಿಗೆಯಲ್ಲಿ ನೋಡಿದ್ದು?"

"ನೋಡಿದ್ದು ಅಂತ ತಿಳ್ಕೊಂಡಿದ್ದೆ."

"ಯಾರು ಬೇಡ ಹೇಳಿದ್ದು? ಡಾಕ್ಟ್ರಾ?"

"ನೀನೇ."

"ನನಗೆ ನೆನಪಿಲ್ಲ ಮಾವ."

"ಬರೆದದ್ದು ಉಂಟು."

"ಹಾಗಾದ್ರೆ ಈ ಐದು ವರ್ಷ..." ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದಳು. ನಾನು ಕಾದೆ. ವಾಕ್ಯ ಮುಗಿಯಲಿಲ್ಲ. ಅವಳು ಫೋನನ್ನು ಇಡಲೂ ಇಲ್ಲ. ತರಗತಿಗೆ ಹೋಗಬೇಕಾದ ಹೊತ್ತಾಗಿ ಯಾರೋ ಕರೆಯುವವರೆಗೂ ನಾವಿಬ್ಬರೂ ಹಾಗೆಯೇ ಇದ್ದೆವು.

ದಾಖಲೆಗಳನ್ನು ಇಲ್ಲಿ ಹೇಳಿ ಮುಗಿಸುತ್ತೇನೆ. ಫೈಲಿನ ಪುಟದ ಪ್ರಕಾರ, ೨೦೧೯ರ ಜುಲೈ ೧೨ರ ಸಂಜೆ ವೈದ್ಯೆ ಮಂಪರಿನ ಔಷಧವನ್ನು ನಿಲ್ಲಿಸಿ, ಎಚ್ಚರಗೊಳಿಸಿ, ನರ್ಸಿನ ಸಮ್ಮುಖದಲ್ಲಿ ಎರಡು ಸಲ ಕೇಳಿದ್ದಾರೆ; ರೋಗಿ ಕಣ್ಣು ತೆರೆದು ಎರಡು ಸಲವೂ ತಲೆಯಾಡಿಸಿ ಬೇಡವೆಂದಿದ್ದಾರೆ. ರಕ್ತನಿಧಿಯ ರಿಜಿಸ್ಟರಿನಲ್ಲಿ ಅದೇ ದಿನದ ಸಾಲು: ಬ್ಯಾಗು ಹೊರಟದ್ದು ೪.೩೫ಕ್ಕೆ, ಮರಳಿ ಬಂದದ್ದು ೪.೫೮ಕ್ಕೆ, ಸೀಲು ಒಡೆದಿಲ್ಲ, ನಳಿಗೆ ಜೋಡಿಸಿಲ್ಲ. ಮರಳಿಸಿದ ಕಾರಣದ ಅಂಕಣದಲ್ಲಿ, ರೋಗಿಯ ನಿರಾಕರಣೆ.

ಅದೇ ದಿನದ ನನ್ನ ದಿನಚರಿಯನ್ನು ಈ ಪ್ರತಿಗಳ ಪಕ್ಕದಲ್ಲಿಟ್ಟಿದ್ದೇನೆ. ಅದರ ಸಾಲನ್ನು ಹೊಡೆದುಹಾಕಿಲ್ಲ, ತಿದ್ದಿಲ್ಲ. ಸಂಜೆ ೫.೦೦: "ರಕ್ತ ಕೊಟ್ಟರು. ಅವಳಿಗೆ ಅರಿವಿರಲಿಲ್ಲ. ಕಣ್ಣಾರೆ ಕಂಡೆ."